ಸಂಶಯವು ಪ್ರೀತಿಯ ಕುರುಹೇ?

ಡೊಂಬಿವಲಿಯ ನಮ್ಮ ಬಿಡಾರದ ಅಡುಗೆಮನೆಯ ಕಿಟಕಿಗೆ ತಾಗಿದಂತೆ ಮೊಳದಗಲದ ಒಂದು ಸಜ್ಜಾ ಇದೆ. ವರ್ಷದಲ್ಲಿ ಎರಡು ಮೂರು ಬಾರಿಯಾದರೂ ಅಲ್ಲಿ ಪಾರಿವಾಳಗಳ ಸಂಸಾರ ನಡೆಯುತ್ತದೆ. ವೈದ್ಯವೃತ್ತಿಯಿಂದ ನಿವೃತ್ತನಾದ ಮೇಲೆ ಬೆಳಗಿನ ಕಾಫಿಯ ಹೊತ್ತಿಗೆ ಅವುಗಳನ್ನು ನೋಡುತ್ತ ಕುಳಿತುಕೊಳ್ಳುವುದು ನನಗೊಂದು ಅಭ್ಯಾಸವಾಗಿಬಿಟ್ಟಿದೆ. ಹೆಣ್ಣು ಮೊಟ್ಟೆಯಿಡುವುದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಗಂಡಿನ ವರ್ತನೆ ನೋಡತಕ್ಕದ್ದು. ಅದು ಹೆಣ್ಣಿನ ಬೆನ್ನು ಬಿಡುವುದಿಲ್ಲ. ಅವಳು ಎರಡು ಹೆಜ್ಜೆ ಸರಿದರೆ ತಾನೂ ಎರಡು ಹೆಜ್ಜೆ ಸರಿಯುತ್ತದೆ. ಅವಳು ಹಾರಿದರೆ ತಾನೂ ಹಾರುತ್ತದೆ. ಬೇರೊಂದು ಗಂಡು ಹತ್ತಿರ ಬಂದು ಕುಳಿತರಂತೂ ಕೊರಳುಬ್ಬಿಸಿ ಗುಟುರು ಹಾಕುತ್ತ, ತನ್ನ ಹೆಣ್ಣನ್ನೇ ಕುಕ್ಕಿ ಕುಕ್ಕಿ ಗೂಡಿನ ಕಡೆಗೆ ಅಟ್ಟಿಕೊಂಡು ಹೋಗುತ್ತದೆ. ಮೊಟ್ಟೆಯಿಟ್ಟಾಯಿತೆಂದರೆ ಈ ಪಹರೆಯೂ ಸಡಿಲಿತು. ಆಮೇಲೆ ಸರದಿಯ ಮೇಲೆ ಇಬ್ಬರೂ ಕಾವಿಗೆ ಕೂರುತ್ತಾರೆ. ಹಗಲಿನ ಸರದಿ ಬಹುಪಾಲು ಗಂಡಿನದೇ.

"ನೋಡಿ, ಇದೂ ನಿಮ್ಮ ಹಾಗೆಯೇ. ಎಲ್ಲಿಗೆ ಹೊರಟೆ, ಯಾವಾಗ ಬರುತ್ತೀ ಎಂದು ಕೇಳಿ ಕೇಳಿ ಜೀವ ತಿನ್ನುತ್ತದೆ" ಎಂದು ನನ್ನ ಮನೆಯಾಕೆ ಒಮ್ಮೆ ಅಂದಳು. ನಾವಿಬ್ಬರೂ ನಕ್ಕೆವು. ಆದರೆ ಎಲ್ಲ ಮನೆಗಳಲ್ಲಿಯೂ ಈ ಮಾತು ನಗುವಿನಲ್ಲಿ ಮುಗಿಯುವುದಿಲ್ಲವೆಂಬುದನ್ನು ವೈದ್ಯನಾಗಿ ನಾನು ಬಲ್ಲೆ.

ಕಳೆದ ವರ್ಷ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದಾಗ, ವಿದ್ಯಾವಂತನಾದ ತರುಣನೊಬ್ಬ ಒಂದು ವಿಷಯ ತೆಗೆದ. ಮಂಗಗಳ ಮಿದುಳಿನಲ್ಲಿ ಈರ್ಷ್ಯೆಯ ನೆಲೆಯನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಆದುದರಿಂದ ಹೆಂಡತಿಯ ಮೇಲೆ ಕಣ್ಣಿಡುವುದು ಗಂಡಸಿನ ಸಹಜ ಧರ್ಮ. ಕಣ್ಣಿಡದವನಿಗೆ ಪ್ರೀತಿಯೇ ಇಲ್ಲ, ಎಂಬುದು ಅವನ ವಾದ. ಸುತ್ತ ನಿಂತವರೆಲ್ಲ ನಕ್ಕರು. ಗಂಡಸರಲ್ಲಿ ಕೆಲವರು ತಲೆದೂಗಿದರು. ಹೆಂಗಸರು ಯಾರೂ ಏನೂ ಅನ್ನಲಿಲ್ಲ. ಆ ಮೌನವು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಅಂದು ಹೇಳಬೇಕಾಗಿದ್ದ ಉತ್ತರವನ್ನು ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳೋಣ. ಪರರ ಏಳಿಗೆಯನ್ನು ಕಂಡು ಕರುಬುವುದಕ್ಕೆ ನಾವು ಹೊಟ್ಟೆಕಿಚ್ಚು ಎನ್ನುತ್ತೇವೆ. ತನ್ನದಾದ ಒಲವು ಬೇರೊಬ್ಬರ ಪಾಲಾದೀತೆಂಬ ಭಯದಿಂದ ಹುಟ್ಟುವುದು ಇನ್ನೊಂದು. ಅದನ್ನು ಇಲ್ಲಿ ಈರ್ಷ್ಯೆ ಎಂದು ಕರೆಯುತ್ತೇನೆ. ಈರ್ಷ್ಯೆಯೆಂಬುದು ಒಳಗಿನ ಭಾವ. ಕಾವಲೆಂಬುದು ಹೊರಗಿನ ಕ್ರಿಯೆ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಆ ತರುಣನ ವಾದ ದಾರಿ ತಪ್ಪಿತು.

ಕಾವಲಿಗೆ ಭಾವವೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಠಾಣೆಯ ಕೆರೆಗಳ ದಂಡೆಯಲ್ಲಿ ನಿಂತು ಏರೋಪ್ಲೇನ್ ಚಿಟ್ಟೆಗಳನ್ನು ನೋಡಿರಿ. ಕೆಲವು ಜಾತಿಗಳಲ್ಲಿ ಹೆಣ್ಣು ನೀರಿನಲ್ಲಿ ಮೊಟ್ಟೆಯಿಡುತ್ತಿರುವಷ್ಟು ಹೊತ್ತೂ ಗಂಡು ಅವಳ ಕತ್ತನ್ನು ತನ್ನ ಬಾಲದ ತುದಿಯಿಂದ ಹಿಡಿದುಕೊಂಡೇ ಇರುತ್ತದೆ. ಇನ್ನು ಕೆಲವು ಜಾತಿಗಳಲ್ಲಿ ಅವಳ ತಲೆಯ ಮೇಲೆಯೇ ಸುಳಿದಾಡುತ್ತ ಬೇರೆ ಗಂಡುಗಳನ್ನು ಓಡಿಸುತ್ತದೆ. ಇದರ ಕಾರಣವೂ ತಿಳಿದುಬಂದಿದೆ. ಇದೇ ಬಳಗಕ್ಕೆ ಸೇರಿದ ಒಂದು ಕೀಟದಲ್ಲಿ ಗಂಡು ತಾನು ಕೂಡುವ ಮೊದಲು ಹಿಂದಿನ ಗಂಡು ಬಿಟ್ಟುಹೋದ ವೀರ್ಯವನ್ನು ಹೊರತೆಗೆದುಹಾಕುತ್ತದೆಂದು ಅಮೆರಿಕದ ಜೊನಾಥನ್ ವಾಗೆ ಎಂಬ ವಿಜ್ಞಾನಿ 1979ರಲ್ಲಿ ತೋರಿಸಿಕೊಟ್ಟರು. ಕಾವಲು ಬಿಟ್ಟವನಿಗೆ ಸಂತಾನ ಉಳಿಯದು, ಅಷ್ಟೇ. ಇದು ಲಕ್ಷಾಂತರ ವರ್ಷಗಳಲ್ಲಿ ಪ್ರಕೃತಿ ಕೂಡಿ ಕಳೆದು ಇಟ್ಟ ಲೆಕ್ಕ; ಇದರಲ್ಲಿ ಪ್ರೇಮದ ಮಾತೇ ಬರುವುದಿಲ್ಲ.

ಈ ಲೆಕ್ಕವು ಎಷ್ಟು ಕ್ರೂರವಾಗಬಲ್ಲುದೆಂಬುದನ್ನು ಜಗತ್ತು ಅರಿತದ್ದು ನಮ್ಮ ಧಾರವಾಡದಿಂದ. ನಾನು ಹುಟ್ಟಿ ಬೆಳೆದದ್ದು ಆ ಸೀಮೆಯಲ್ಲಿ. ಹೆಂಚಿನ ಮೇಲೆ ಧಡಧಡನೆ ಓಡಾಡುವ ಕರಿಮೋರೆಯ ಮುಸುವಗಳು ನಮಗೆ ನಿತ್ಯದ ನೆಂಟರಾಗಿದ್ದವು. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಅವರು ಧಾರವಾಡದ ಸುತ್ತಲಿನ ಕಾಡಿನಲ್ಲಿ ಈ ಮುಸುವಗಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿ ಅನೇಕ ಹಿಂಡುಗಳಲ್ಲಿ ಹಲವು ಹೆಣ್ಣುಗಳಿಗೆ ಒಂದೇ ದೊಡ್ಡ ಗಂಡು. ಹೊರಗೆ ಅಲೆಯುವ ಗಂಡುಗಳ ತಂಡವು ಒಮ್ಮೆ ಇಂಥ ಹಿಂಡಿನ ಮೇಲೆ ಬಿದ್ದು ಹಳೆಯ ಗಂಡನ್ನು ಓಡಿಸಿತು. ಅವುಗಳಲ್ಲಿ ಒಂದು ಯಜಮಾನನಾಯಿತು. ಬಳಿಕ ಹಿಂಡಿನ ಎಳೆಯ ಮರಿಗಳು ಅದರ ಕಡಿತಕ್ಕೆ ಸಿಕ್ಕಿ ಸತ್ತವು. ಮರಿ ಸತ್ತ ತಾಯಂದಿರು ಬೇಗನೆ ಮತ್ತೆ ಬೆದೆಗೆ ಬಂದವು. ಸುಗಿಯಾಮಾ ಅವರು 1965ರಲ್ಲಿ ಇದನ್ನು ಪ್ರಕಟಿಸಿದಾಗ ಅನೇಕರು ನಂಬಲಿಲ್ಲ. ಮುಂದಿನ ದಶಕದಲ್ಲಿ ಅಮೆರಿಕದ ಸಾರಾ ಹರ್ಡಿ ಅವರು ರಾಜಸ್ಥಾನದ ಅಬೂ ಪರ್ವತದ ಮುಸುವಗಳನ್ನು ಅಭ್ಯಸಿಸಿ, ಇದು ಹುಚ್ಚಲ್ಲ, ತನ್ನ ಸಂತಾನವನ್ನು ಬೇಗ ಪಡೆಯುವ ಗಂಡಿನ ಉಪಾಯ ಎಂದು ವಾದಿಸಿದರು.

ಈಗ ಆ ತರುಣನನ್ನು ನಾನು ಕೇಳಬೇಕೆಂದಿರುವ ಪ್ರಶ್ನೆ ಇದು. ಪ್ರಕೃತಿಸಹಜವಾದುದೆಲ್ಲ ಧರ್ಮವೇ ಆದರೆ, ಧಾರವಾಡದ ಮುಸುವ ಮಾಡಿದ್ದೂ ಧರ್ಮವಾಗಬೇಕಲ್ಲವೆ? ಅದನ್ನು ಯಾವ ಮನುಷ್ಯನೂ ಒಪ್ಪಲಾರ. ಹಾಗಿರುವಲ್ಲಿ ಪ್ರಾಣಿಗಳ ನಡತೆಯಲ್ಲಿ ನಮಗೆ ಅನುಕೂಲವಾದುದನ್ನು ಮಾತ್ರ ಆರಿಸಿಕೊಂಡು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ.

ಇರಲಿ, ಮಿದುಳಿನ ವಿಷಯಕ್ಕೆ ಬರೋಣ. ಆ ತರುಣನು ಪ್ರಸ್ತಾಪಿಸಿದ ಸಂಶೋಧನೆ ನಿಜವಾದುದೇ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಟಿಟಿ ಎಂಬ ಪುಟ್ಟ ಮಂಗಗಳಿವೆ. ಸಸ್ತನಿಗಳಲ್ಲಿ ಗಂಡು ಹೆಣ್ಣು ಜೋಡಿಯಾಗಿ ಬಾಳುವ ಜಾತಿಗಳು ಹತ್ತರಲ್ಲಿ ಒಂದರಷ್ಟೂ ಇಲ್ಲ. ಟಿಟಿಗಳು ಆ ಅಲ್ಪಸಂಖ್ಯಾತರಿಗೆ ಸೇರಿದವು. ಒಂದೇ ಕೊಂಬೆಯ ಮೇಲೆ ಬಾಲಕ್ಕೆ ಬಾಲ ಹೆಣೆದುಕೊಂಡು ಕೂರುವುದು ಅವುಗಳ ದಾಂಪತ್ಯದ ಲಕ್ಷಣ. ಪರಗಂಡು ಸಮೀಪಿಸಿದರೆ ಗಂಡು ಬೆನ್ನು ಬಾಗಿಸಿ, ಬಾಲ ಬಡಿದು, ಕೆಲವೊಮ್ಮೆ ತನ್ನ ಸಂಗಾತಿಯನ್ನು ಕೈಯಿಂದ ಹಿಡಿದು ತಡೆಯುವುದೂ ಉಂಟು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ನಿಕೋಲ್ ಮ್ಯಾನಿಂಜರ್, ಕ್ಯಾರೆನ್ ಬೇಲ್ಸ್ ಮತ್ತು ಅವರ ಸಂಗಡಿಗರು ಈ ಮಂಗಗಳ ಮೇಲೆ ನಡೆಸಿದ ಪ್ರಯೋಗವು 2017ರಲ್ಲಿ ಪ್ರಕಟವಾಯಿತು. ಗಂಡು ಟಿಟಿಯ ಎದುರಿಗೆ ಅರ್ಧ ಗಂಟೆಯ ಕಾಲ ಅದರ ಸಂಗಾತಿಯನ್ನು ಅಪರಿಚಿತ ಗಂಡಿನ ಪಕ್ಕದಲ್ಲಿ ಇರಿಸಿದರು. ಇನ್ನೊಂದು ಸಲ, ಹೋಲಿಕೆಗೆಂದು, ಅಪರಿಚಿತ ಹೆಣ್ಣನ್ನು ಅಪರಿಚಿತ ಗಂಡಿನ ಪಕ್ಕದಲ್ಲಿ ಇರಿಸಿದರು. ಮಿದುಳಿನ ಯಾವ ಭಾಗ ಹೆಚ್ಚು ದುಡಿಯುತ್ತದೆಯೋ ಆ ಭಾಗ ಹೆಚ್ಚು ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ವಿಕಿರಣದ ಗುರುತು ಹಚ್ಚಿದ ಸಕ್ಕರೆಯಂಥ ದ್ರವ್ಯವನ್ನು ಮೊದಲೇ ರಕ್ತಕ್ಕೆ ಸೇರಿಸಿ, ಅದು ಎಲ್ಲಿ ಶೇಖರವಾಯಿತೆಂದು ಪೆಟ್ ಸ್ಕ್ಯಾನ್ ಯಂತ್ರದಿಂದ ನೋಡಿದರು. ನಮ್ಮಲ್ಲಿ ಕ್ಯಾನ್ಸರ್ ರೋಗಿಗಳ ತಪಾಸಣೆಗೆ ಬಳಸುವುದೂ ಇದೇ ಯಂತ್ರವನ್ನು.

ತನ್ನ ಸಂಗಾತಿಯು ಪರಗಂಡಿನ ಪಕ್ಕದಲ್ಲಿದ್ದಾಗ ಗಂಡಿನ ಮಿದುಳಿನ ಎರಡು ಪ್ರದೇಶಗಳು ವಿಶೇಷವಾಗಿ ಚುರುಕಾಗಿದ್ದವು. ಒಂದು, ಮಿದುಳಿನ ಒಳಮಗ್ಗುಲಲ್ಲಿ ಪಟ್ಟಿಯಂತೆ ಸುತ್ತಿಕೊಂಡಿರುವ ಸಿಂಗ್ಯುಲೇಟ್ ಕಾರ್ಟೆಕ್ಸ್. ಇನ್ನೊಂದು, ಆಳದಲ್ಲಿರುವ ಲ್ಯಾಟರಲ್ ಸೆಪ್ಟಮ್ ಎಂಬ ಸಣ್ಣ ಭಾಗ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನೂ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಏರಿದ್ದವು.

ಮೊದಲನೆಯ ಪ್ರದೇಶದ ಬಗ್ಗೆ ಮನುಷ್ಯರಲ್ಲಿಯೂ ಕೆಲವು ಸಂಗತಿಗಳು ತಿಳಿದಿವೆ. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಕೆಲವರಿಗೆ ಕಂಪ್ಯೂಟರಿನಲ್ಲಿ ಚೆಂಡಾಟವಾಡಿಸಿದರು. ಆಟದ ನಡುವೆ ಉಳಿದವರು ತಮ್ಮ ತಮ್ಮಲ್ಲೇ ಚೆಂಡು ಎಸೆದುಕೊಳ್ಳುತ್ತ ಇವರನ್ನು ಹೊರಗಿಟ್ಟಂತೆ ತೋರಿಸಲಾಯಿತು. ಹಾಗೆ ಹೊರಗುಳಿದವರ ಮಿದುಳಿನಲ್ಲಿ ಸಿಂಗ್ಯುಲೇಟಿನ ಮುಂಭಾಗ ಚುರುಕಾಯಿತು. ದೇಹದ ನೋವಿನ ಸಂಕಟದಲ್ಲಿ ದುಡಿಯುವುದೂ ಇದೇ ಭಾಗ. ಅಂದರೆ ಟಿಟಿ ಮಂಗದ ಮಿದುಳಿನಲ್ಲಿ ಕಂಡದ್ದು ಅಧಿಕಾರದ ಗುರುತಲ್ಲ, ಬಹುಮಟ್ಟಿಗೆ ನೋವಿನ ಗುರುತು: ತಾನು ಹೊರಗುಳಿದೆನೆಂಬ ನೋವು.

ಈ ಪ್ರಯೋಗದಲ್ಲಿ ಇನ್ನೊಂದು ವಿವರವಿದೆ. ಆ ತರುಣನು ಅದನ್ನು ಓದಿರಲಿಕ್ಕಿಲ್ಲ. ಪರಗಂಡಿನ ಪಕ್ಕದಲ್ಲಿದ್ದ ತನ್ನ ಸಂಗಾತಿಯನ್ನು ಹೆಚ್ಚು ಹೊತ್ತು ದಿಟ್ಟಿಸಿದ ಗಂಡುಗಳ ರಕ್ತದಲ್ಲಿಯೇ ಕಾರ್ಟಿಸಾಲಿನ ಪ್ರಮಾಣ ಹೆಚ್ಚಾಗಿತ್ತು. ದಿಟ್ಟಿಸಿದ್ದರಿಂದ ಸಂಕಟ ಹೆಚ್ಚಾಯಿತೋ, ಸಂಕಟ ಹೆಚ್ಚಾದುದರಿಂದ ದಿಟ್ಟಿಸಿತೋ ಎಂಬುದನ್ನು ಇದು ತೀರ್ಮಾನಿಸುವುದಿಲ್ಲ. ಆದರೆ ಕಣ್ಣಿಡುವುದರಿಂದ ಮನಸ್ಸಿಗೆ ಸಮಾಧಾನ ದೊರೆಯಲಿಲ್ಲವೆಂಬುದಂತೂ ಸ್ಪಷ್ಟ. ಬಹುಕಾಲ ಏರಿಯೇ ಇರುವ ಕಾರ್ಟಿಸಾಲ್ ನಿದ್ರೆ, ರಕ್ತದೊತ್ತಡ, ರಕ್ತದ ಸಕ್ಕರೆ ಇವೆಲ್ಲವನ್ನೂ ಕೆಡಿಸುತ್ತದೆಂಬುದು ವೈದ್ಯರಿಗೆ ತಿಳಿದ ಮಾತು.

ಹಾಗಾದರೆ ಪ್ರೀತಿಗೂ ಈರ್ಷ್ಯೆಗೂ ಸಂಬಂಧವೇ ಇಲ್ಲವೆ? ಇದೆ, ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿಯಿದೆ. ಅದೂ ಜೋಡಿಯಾಗಿ ಬಾಳತಕ್ಕದ್ದು. ಒಮ್ಮೆ ಹೆಣ್ಣಿನೊಡನೆ ಕೂಡಿದ ಮೇಲೆ ಗಂಡು ಅವಳಿಗೆ ಅಂಟಿಕೊಳ್ಳುತ್ತದೆ, ಅಪರಿಚಿತರ ಮೇಲೆ ಏರಿಹೋಗುತ್ತದೆ. ಜೇಮ್ಸ್ ವಿನ್ಸ್ಲೋ, ಥಾಮಸ್ ಇನ್ಸೆಲ್ ಮತ್ತು ಸಂಗಡಿಗರು ಮಿದುಳಿನ ವ್ಯಾಸೊಪ್ರೆಸಿನ್ ಎಂಬ ರಸಾಯನದ ಕೆಲಸವನ್ನು ಮದ್ದಿನಿಂದ ಮೊದಲೇ ತಡೆದುನೋಡಿ, ಅದರ ಫಲವನ್ನು 1993ರಲ್ಲಿ ಪ್ರಕಟಿಸಿದರು. ಆಗ ಅಂಟೂ ಹುಟ್ಟಲಿಲ್ಲ, ಆಕ್ರಮಣವೂ ಹುಟ್ಟಲಿಲ್ಲ. ಎರಡಕ್ಕೂ ಒಂದೇ ರಸಾಯನ ಕಾರಣವಾಗಿತ್ತು. ಆದರೆ ಒಂದೇ ಒಲೆಯಲ್ಲಿ ಅನ್ನ ಬೇಯುವುದೂ ಉಂಟು, ಸೀಯುವುದೂ ಉಂಟು. ಸೀದ ವಾಸನೆಯನ್ನು ಅಡುಗೆಯ ರುಚಿಗೆ ಪ್ರಮಾಣವೆಂದು ಯಾವ ಗೃಹಿಣಿಯೂ ಹೇಳುವುದಿಲ್ಲ.

ವೋಲಿಗೆ ಇಲ್ಲದ ಒಂದು ಸಂಪತ್ತು ಮನುಷ್ಯನಿಗೆ ಇದೆ. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ನಮ್ಮಲ್ಲಿ ಬಹು ವಿಶಾಲವಾಗಿ ಬೆಳೆದಿದೆ. ಒಳಗಿನ ಉದ್ವೇಗವನ್ನು ತಡೆಹಿಡಿಯುವುದು, ನಾಳೆಯನ್ನು ಯೋಚಿಸುವುದು, ಎದುರಿಗಿರುವವರ ಸ್ಥಾನದಲ್ಲಿ ತನ್ನನ್ನು ನಿಲ್ಲಿಸಿಕೊಂಡು ನೋಡುವುದು ಇದರ ಕೆಲಸ. ನಮ್ಮ ಕವಿ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯನ್ನು ನೆನೆಯಿರಿ. ರಾಜನು ನಡುರಾತ್ರಿ ರಾಣಿಯನ್ನು ಹಿಂಬಾಲಿಸಿ, ಅವಳು ಮಾವುತನೊಡನೆ ಇರುವುದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿ ಒರೆಯಿಂದ ಹೊರಬರುತ್ತದೆ, ಆದರೆ ಬೀಳುವುದಿಲ್ಲ. ಆ ಕಾವ್ಯದ ಮುಂದಿನ ದುರಂತವೇನೇ ಇರಲಿ, ಎತ್ತಿದ ಕೈಯನ್ನು ತಡೆದು ನಿಲ್ಲಿಸಿದ ಆ ಕ್ಷಣವನ್ನು ಕವಿ ಎಂಟುನೂರು ವರ್ಷಗಳ ಹಿಂದೆಯೇ ಗುರುತಿಸಿದ್ದ.

ನಮ್ಮ ಮುಂಬಯಿಯ ಒಂದು ಪ್ರಕರಣವೂ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. 1959ರ ಏಪ್ರಿಲ್ 27ರಂದು ನೌಕಾದಳದ ಕಮಾಂಡರ್ ನಾನಾವತಿಯವರು, ಪತ್ನಿಯ ಬಾಯಿಂದಲೇ ವಿಷಯ ತಿಳಿದು, ಪ್ರೇಮ್ ಆಹೂಜಾ ಎಂಬವರನ್ನು ಗುಂಡಿಕ್ಕಿ ಕೊಂದರು. ಅಂದು ಊರಿಗೆ ಊರೇ ಕೊಂದವರ ಪರವಾಗಿ ನಿಂತಿತ್ತು. ಜ್ಯೂರಿಯೂ ಒಂಬತ್ತರಲ್ಲಿ ಎಂಟು ಮತಗಳಿಂದ ನಿರ್ದೋಷಿ ಎಂದಿತು. ಆದರೆ ಮುಂಬಯಿ ಉಚ್ಚ ನ್ಯಾಯಾಲಯವು ಅದನ್ನು ಒಪ್ಪದೆ ಜೀವಾವಧಿ ಶಿಕ್ಷೆ ವಿಧಿಸಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರಿಂದ ಕ್ಷಮಾದಾನ ದೊರೆತದ್ದು ಬೇರೆ ಮಾತು. ಸರ್ವೋಚ್ಚ ನ್ಯಾಯಾಲಯವು ಲೆಕ್ಕ ಹಾಕಿದ್ದು ಕಾಲವನ್ನು. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವರು ಗುಂಡು ಹಾರಿಸಿದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ಸುಮಾರು ಮೂರು ಗಂಟೆಗಳ ಈ ಅವಧಿ ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಸಾಕಾಗಿತ್ತು ಎಂದು ಅದು ನಿರ್ಣಯಿಸಿತು. ನಮ್ಮಲ್ಲಿ ಅನೇಕರು ಡೊಂಬಿವಲಿಯಿಂದ ಕೋಟೆ ಪ್ರದೇಶಕ್ಕೆ ಹೋಗಿ ಬರಲು ದಿನವೂ ಕಳೆಯುವ ಕಾಲ ಹೆಚ್ಚುಕಡಿಮೆ ಅಷ್ಟೇ. ಉದ್ವೇಗದ ಅಲೆ ಏರುವುದು ಸಹಜ. ಅದು ಇಳಿಯಲು ಕಾಲ ಕೊಡುವುದು ಮನುಷ್ಯನ ಹೊಣೆ.

ಇಷ್ಟು ಹೇಳಿದ ಮೇಲೆ, ನನ್ನ ಸ್ವಂತ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮವರೇ ಆದ ಒಬ್ಬ ಹೆಣ್ಣುಮಗಳು ತಲೆನೋವು, ನಿದ್ರೆಯಿಲ್ಲ ಎಂದು ನನ್ನ ದವಾಖಾನೆಗೆ ಬಂದಿದ್ದಳು. ಎದ್ದು ಹೊರಡುವಾಗ, "ನಾನು ಹಾಲಿನವನ ಹತ್ತಿರ ಎರಡು ಮಾತಾಡಿದರೂ ಇವರಿಗೆ ಸೇರುವುದಿಲ್ಲ, ಡಾಕ್ಟ್ರೇ" ಅಂದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ನಕ್ಕು, ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟು ಕಳುಹಿಸಿದೆ. ನಾಲ್ಕು ತಿಂಗಳ ಮೇಲೆ ಅವಳು ಬಾತ ಮಣಿಕಟ್ಟಿನೊಡನೆ ಬಂದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿಸಲು ಏರ್ಪಾಟು ಮಾಡಿದೆನೇ ಹೊರತು ಬೇರೇನನ್ನೂ ಕೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಗಂಡ ಕುಳಿತಿದ್ದ. ಬ್ಯಾಂಕಿನಲ್ಲಿ ಒಳ್ಳೆಯ ಕೆಲಸ, ಕುಡಿತವಿಲ್ಲ, ಸಭ್ಯನೆಂದು ಹೆಸರು. ಇನ್ನಷ್ಟು ಕಾಲದ ಮೇಲೆ ಅವಳು ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಒಂದು ಸಂಜೆ ಸ್ಟೇಷನ್ನಿನಲ್ಲಿ ಸಿಕ್ಕಿದ ಆತ, "ಪ್ರೀತಿ ಹೆಚ್ಚಾದದ್ದೇ ತಪ್ಪಾಯಿತು, ಡಾಕ್ಟ್ರೇ" ಎಂದು ಕಣ್ಣು ಒರೆಸಿಕೊಂಡ. ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದ. ಸಂಶಯವೆಂದರೆ ಪ್ರೀತಿಯೆಂದು ಅವನಿಗೆ ಎಲ್ಲರೂ ಕಲಿಸಿದ್ದರು. ನನ್ನ ಗಾದೆಯ ಮಾತೂ ಆ ಪಾಠದ ಒಂದು ಭಾಗವಾಗಿತ್ತು.

ಪರಊರಿನಲ್ಲಿ ನೆಲೆಸಿದ ನಮ್ಮಂಥವರಿಗೆ ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಊರಿನಲ್ಲಾದರೆ ಅತ್ತಿಗೆ, ನಾದಿನಿ, ಸೋದರಮಾವ, ಹೀಗೆ ಯಾರಾದರೊಬ್ಬರು ನಡುವೆ ಬಂದು ಸಮಾಧಾನ ಹೇಳುತ್ತಿದ್ದರು. ಇಲ್ಲಿ ಬಾಗಿಲು ಹಾಕಿದರೆ ಎರಡು ಕೋಣೆಗಳಲ್ಲಿ ಇಬ್ಬರೇ. ಸೊಸೆಯಂದಿರು ಐರೋಳಿ, ವಾಶಿಗಳ ಕಚೇರಿಗಳಿಗೆ ಹೋಗುತ್ತಾರೆ. ರಾತ್ರಿ ಪಾಳಿಯೂ ಇರುತ್ತದೆ. ದಿವಾ ಸ್ಟೇಷನ್ನಿನ ಹತ್ತಿರ ಲೋಕಲ್ ಅರ್ಧ ಗಂಟೆ ನಿಂತುಬಿಟ್ಟರೆ ಮನೆಯಲ್ಲಿ ಕಾಯುವವರಿಗೆ ಚಿಂತೆಯಾಗುವುದು ಸಹಜ. ಆದರೆ ಚಿಂತಿಸುವವನು "ಊಟ ಬಿಸಿ ಮಾಡಿಡಲೇ?" ಎಂದು ಕೇಳುತ್ತಾನೆ, ಕಾವಲು ಕಾಯುವವನು "ಪಕ್ಕದಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಾನೆ. ಈಗಂತೂ ಮೊಬೈಲು ಫೋನಿನಲ್ಲಿ ಹೆಂಡತಿ ಎಲ್ಲಿದ್ದಾಳೆಂಬುದನ್ನು ಗಳಿಗೆ ಗಳಿಗೆಗೂ ನಕಾಶೆಯ ಮೇಲೆ ನೋಡಬಹುದು. ಇಬ್ಬರೂ ಒಪ್ಪಿ ಸುರಕ್ಷತೆಗೆಂದು ಇಟ್ಟುಕೊಂಡರೆ ಅದರಿಂದ ಉಪಕಾರವೇ. ಒಬ್ಬರು ಇನ್ನೊಬ್ಬರನ್ನು ಹಿಂಬಾಲಿಸಲು ಇಟ್ಟುಕೊಂಡರೆ ಅದು ಆ ಟಿಟಿ ಮಂಗದ ಅರ್ಧ ಗಂಟೆಯನ್ನು ಇಡೀ ದಿನಕ್ಕೆ ಹಿಗ್ಗಿಸಿದಂತೆ. ಈರ್ಷ್ಯೆಯು ಗಂಡಸರ ಸೊತ್ತೇನೂ ಅಲ್ಲ. ಗಂಡನ ಅಂಗಿಯ ಜೇಬು ಶೋಧಿಸುವ ಹೆಂಡತಿಯರನ್ನೂ ನಾನು ಕಂಡಿದ್ದೇನೆ, ಅವರ ನೋವೂ ನೋವೇ. ಆದರೆ ಏಟು ತಿಂದು ದವಾಖಾನೆಗೆ ಬಂದವರಲ್ಲಿ ನಾನು ಕಂಡದ್ದು ಹೆಂಗಸರನ್ನೇ.

ಇನ್ನು ವೈದ್ಯಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಮಾತು. ಸಂಶಯವು ಕೆಲವೊಮ್ಮೆ ಸ್ವಭಾವವಲ್ಲ, ರೋಗ. ಯಾವ ಆಧಾರವೂ ಇಲ್ಲದೆ, ಯಾವ ಸಮಾಧಾನಕ್ಕೂ ಜಗ್ಗದೆ, ಸಂಗಾತಿಯು ಪರರೊಡನೆ ಸಂಬಂಧವಿಟ್ಟುಕೊಂಡಿದ್ದಾರೆಂಬ ದೃಢವಾದ ಭ್ರಮೆಗೆ 1955ರಲ್ಲಿ ಇಬ್ಬರು ಬ್ರಿಟಿಷ್ ವೈದ್ಯರು ಶೇಕ್ಸ್‌ಪಿಯರನ ನಾಟಕದ ನಾಯಕನ ಹೆಸರಿನಿಂದ ಒಥೆಲೊ ಸಿಂಡ್ರೋಮ್ ಎಂದು ಹೆಸರಿಟ್ಟರು. ದೀರ್ಘಕಾಲದ ಮದ್ಯಪಾನಿಗಳಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಮರೆಗುಳಿ ಕಾಯಿಲೆಯಲ್ಲಿ, ಪಾರ್ಶ್ವವಾಯುವಿನ ತರುವಾಯ, ಕೆಲವು ಮಾನಸಿಕ ರೋಗಗಳಲ್ಲಿಯೂ ಉಂಟು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಮಿದುಳಿನಲ್ಲಿ ಡೋಪಮಿನ್ ಎಂಬ ರಸಾಯನದ ಕೆಲಸವನ್ನು ಅನುಕರಿಸುವಂಥವು, ಇದನ್ನು ಉಂಟುಮಾಡಬಲ್ಲವು.

ನಮ್ಮ ನೆರೆಯಲ್ಲಿಯೇ ಒಬ್ಬ ಹಿರಿಯರು ಎಪ್ಪತ್ತು ದಾಟಿದ ಮೇಲೆ, ನಲವತ್ತೈದು ವರ್ಷ ಜೊತೆಗೆ ಬಾಳಿದ ಪತ್ನಿಯ ಮೇಲೆ ಸಂಶಯಪಡತೊಡಗಿದರು. ಎದುರು ಮನೆಯ ವಿಧುರರಿಗೆ ಆಕೆ ಸಾರು ಕಳುಹಿಸಿದ್ದೇ ಅವರಿಗೆ ಸಾಕ್ಷಿಯಾಯಿತು. ಆ ತಾಯಿ ನಾಚಿಕೆಯಿಂದ ಯಾರಿಗೂ ಹೇಳದೆ ಎಂಟು ತಿಂಗಳು ಸಹಿಸಿದರು. ಕೊನೆಗೆ ಮಗಳು ಬಂದು ನನ್ನಲ್ಲಿ ಹೇಳಿದಾಗ ಮಾತ್ರೆಗಳ ಚೀಟಿಯನ್ನು ತರಿಸಿ ನೋಡಿದೆ. ನಡುಕಕ್ಕೆಂದು ಕೊಡುತ್ತಿದ್ದ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದ ಮರುತಿಂಗಳಿನಿಂದಲೇ ಇದು ಆರಂಭವಾಗಿತ್ತು. ನರರೋಗ ತಜ್ಞರು ಅದನ್ನು ಕ್ರಮೇಣ ಇಳಿಸಿ ಚಿಕಿತ್ಸೆಯನ್ನು ಬದಲಿಸಿದ ಮೇಲೆ ಕೆಲವು ವಾರಗಳಲ್ಲಿ ಆ ಹಿರಿಯರು ಮೊದಲಿನಂತಾದರು. ಎಂಟು ತಿಂಗಳ ಕಣ್ಣೀರನ್ನು ಒಂದು ಚೀಟಿ ತಪ್ಪಿಸಬಹುದಾಗಿತ್ತು. ಇಂಥಲ್ಲಿ ಮಾತ್ರೆಯನ್ನು ತಾವೇ ಹಠಾತ್ತನೆ ನಿಲ್ಲಿಸಬಾರದು, ಅದೂ ಅಪಾಯಕರ. ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ ಹೇಳಬೇಕು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಈರ್ಷ್ಯೆ ಹುಟ್ಟಿದಾಗ ಅದನ್ನು ಜ್ವರ ಬಂದಂತೆ ತಿಳಿಯಿರಿ. ನಾಚಿಕೆಪಡಬೇಡಿರಿ, ಹೆಮ್ಮೆಯನ್ನೂ ಪಡಬೇಡಿರಿ. "ನೀನು ಎಲ್ಲಿಗೆ ಹೋಗಿದ್ದೆ?" ಎಂದು ವಿಚಾರಣೆ ಮಾಡುವ ಬದಲು "ನನಗೆ ಭಯವಾಗುತ್ತಿದೆ" ಎಂದು ಹೇಳಿರಿ. ಮೊದಲನೆಯದು ಕಾವಲುಗಾರನ ಮಾತು, ಎರಡನೆಯದು ಸಂಗಾತಿಯ ಮಾತು. ಕೋಪ ಏರಿದಾಗ ಮನೆಯಿಂದ ಹೊರಬಿದ್ದು ಒಂದು ಸುತ್ತು ನಡೆದು ಬನ್ನಿರಿ. ಸಂಶಯವು ವಯಸ್ಸಾದ ಮೇಲೆ ಹೊಸದಾಗಿ ಕಾಣಿಸಿಕೊಂಡರೆ, ಕುಡಿತದೊಡನೆ ಬೆಳೆಯುತ್ತಿದ್ದರೆ, ಅಥವಾ ಯಾವ ಸಮಾಧಾನಕ್ಕೂ ಬಗ್ಗದಿದ್ದರೆ ವೈದ್ಯರಿಗೆ ತೋರಿಸಿರಿ. 2022ರ ಅಕ್ಟೋಬರಿನಿಂದ ಭಾರತ ಸರಕಾರದ ಟೆಲಿಮಾನಸ್ ಸೇವೆ ನಡೆಯುತ್ತಿದೆ; 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು. ಹೊಡೆತ ಬೆದರಿಕೆಗಳಿಗೆ ತಲುಪಿದರೆ ಅದು ಸಂಸಾರದ ಒಳಗಿನ ಮಾತಾಗಿ ಉಳಿಯುವುದಿಲ್ಲ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾನೂನು ದೈಹಿಕ ಹಿಂಸೆಯನ್ನಷ್ಟೇ ಅಲ್ಲ, ಮಾತಿನ ಮತ್ತು ಮನಸ್ಸಿನ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮಹಿಳೆಯರ ಸಹಾಯವಾಣಿಯ ಸಂಖ್ಯೆ 181.

ನಮ್ಮ ಸಂಘಗಳಿಗೂ ಒಂದು ಮಾತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಇವುಗಳ ತಪಾಸಣೆಗೆ ನಾವು ವರ್ಷಕ್ಕೊಮ್ಮೆ ಶಿಬಿರ ನಡೆಸುತ್ತೇವೆ. ಅದು ಸ್ತುತ್ಯವಾದ ಕಾರ್ಯ. ಅದೇ ದಿನ, ಅದೇ ಸಭಾಗೃಹದ ಒಂದು ಮೂಲೆಯಲ್ಲಿ ಪರದೆ ಕಟ್ಟಿ, ಕನ್ನಡ ಬಲ್ಲ ಒಬ್ಬ ಮನೋವೈದ್ಯರನ್ನೋ ಅನುಭವಿಗಳಾದ ಆಪ್ತಸಲಹೆಗಾರರನ್ನೋ ಕೂರಿಸಿದರೆ ಹೆಚ್ಚಿನ ಖರ್ಚು ಬಾರದು. ಮೊದಲ ವರ್ಷ ಯಾರೂ ಬಾರದಿರಬಹುದು. ಎರಡನೆಯ ವರ್ಷ ಒಬ್ಬರು ಬಂದರೂ ಸಾಕು. ಮೂವತ್ತು ವರ್ಷಗಳ ಹಿಂದೆ ನನ್ನ ದವಾಖಾನೆಯಿಂದ ಎದ್ದು ಹೋಗುತ್ತ ಒಂದೇ ಒಂದು ವಾಕ್ಯ ಹೇಳಿದ ಆ ಹೆಣ್ಣುಮಗಳಿಗೆ, ಎರಡನೆಯ ವಾಕ್ಯವನ್ನು ಹೇಳಲು ಒಂದು ಕುರ್ಚಿ ಬೇಕಾಗಿತ್ತು.